ಟ್ರಿವಿಸಾ: ಹಾಂಗ್‌ಕಾಂಗ್‌ನ ಆ ಮೂವರು ದರೋಡೆಕೋರರ ಕತೆಯಲ್ಲಿ ನಿಜ ಎಷ್ಟು?

ಕಿರಣ್_ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ 'ಟ್ರಿವಿಸಾ' ನೋಡಿದೆ. 2016ರ ಹಾಂಗ್‌ಕಾಂಗ್ ಸಿನಿಮಾ, ಜಾನಿ ಟೋ ಮತ್ತು ಯಾವ್ ನಾಯ್-ಹೋಯ್ ನಿರ್ಮಾಣ. ಜಾನಿ ಟೋ ಹೆಸರು ಕಂಡ ಕೂಡಲೇ ಗುಂಡಿನ ಕಾಳಗ ಜೋರಾಗಿರುತ್ತದೆ ಅಂದುಕೊಂಡು ಕೂತಿದ್ದೆ. ಇದ್ದದ್ದು ಬೇರೆಯೇ. ಶುರುವಿನಲ್ಲಿ ಸ್ವಲ್ಪ ಗುಂಡು ಹಾರುತ್ತದೆ, ಆಮೇಲೆ ಮೂವರು ದೊಡ್ಡ ಕಳ್ಳರು ಏನೂ ದೊಡ್ಡದು ಮಾಡದೆ ಒದ್ದಾಡುವುದನ್ನೇ ತೋರಿಸುತ್ತಾ ಹೋಗುತ್ತಾರೆ. ಆದರೂ ಒಂದೂವರೆ ಗಂಟೆ ಎದ್ದು ಹೋಗಲು ಮನಸ್ಸಾಗಲಿಲ್ಲ.

ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1997, ಹಾಂಗ್‌ಕಾಂಗ್ ಬ್ರಿಟಿಷರ ಕೈಯಿಂದ ಚೀನಾಕ್ಕೆ ಹೋಗುವ ಸಮಯ. ಒಬ್ಬ ಎಕೆ-47 ಹಿಡಿದು ಬೀದಿಯಲ್ಲೇ ಚಿನ್ನದಂಗಡಿ ದೋಚಿದವನು, ಈಗ ದರೋಡೆ ಬಿಟ್ಟು ಚೀನಾದೊಳಗೆ ಎಲೆಕ್ಟ್ರಾನಿಕ್ ಸಾಮಾನಿನ ಕಳ್ಳಸಾಗಣೆ ಮಾಡುತ್ತಿದ್ದಾನೆ. ಇನ್ನೊಬ್ಬ ಶ್ರೀಮಂತರನ್ನು ಅಪಹರಿಸಿ ಕೋಟಿಗಟ್ಟಲೆ ಗಳಿಸಿದವನು, ಈಗ ಅವನಿಗೆ ಬೇಜಾರು. ಮೂರನೆಯವನು ಹೆಸರು ಬದಲಿಸಿಕೊಂಡು ಬದುಕುವವನು, ಒಂದು ಸಣ್ಣ ಅಂಗಡಿ ದೋಚಲು ಹಳೆಯ ಗೆಳೆಯನ ಮನೆಯಲ್ಲಿ ಬಂದು ಕೂರುತ್ತಾನೆ. ಈ ಮೂವರು ಸೇರಿ ಏನೋ ಭಾರಿ ಕೆಲಸ ಮಾಡುತ್ತಾರಂತೆ ಅನ್ನುವ ಗಾಳಿಸುದ್ದಿ ಹುಟ್ಟುತ್ತದೆ. ಅದರ ಸುತ್ತ ಕತೆ.

ಮೂವರೂ ನಿಜವಾಗಿ ಇದ್ದವರು ಅಂತ ಓದಿದೆ. ಹಾಗಾದರೆ ಇದರಲ್ಲಿ ನಿಜ ಯಾವುದು, ಕಟ್ಟಿದ್ದು ಯಾವುದು? ಮೂವರೂ ಸೇರುವ ಮಾತು ನಿಜವಾಗಿಯೂ ನಡೆದಿತ್ತಾ? ಇಂಥ ಕತೆ ಸಿಕ್ಕಿದ ಮೇಲೂ ದರೋಡೆಗಳನ್ನು ಬಿಟ್ಟು ಅವರ ಬೇಸರವನ್ನೇ ಯಾಕೆ ತೋರಿಸಿದರು? ಹಾಂಗ್‌ಕಾಂಗ್ ಸಿನಿಮಾ ಗೊತ್ತಿರುವವರು ದಯವಿಟ್ಟು ಹೇಳಿ. ಕೊನೆ ಏನಾಗುತ್ತದೆ ಅಂತ ಯಾರೂ ಬರೆಯಬೇಡಿ, ನೋಡದವರು ಇದ್ದಾರೆ.

---

ನಾಗಶ್ರೀ_ಬಿ

ಕಿರಣ್, ಮೂವರ ಹೆಸರನ್ನೂ ಸಿನಿಮಾದಲ್ಲಿ ಸ್ವಲ್ಪ ತಿರುಚಿದ್ದಾರೆ. ಯಿಪ್ ಕಾಯ್-ಫೂನ್ ಅಲ್ಲಿ ಯಿಪ್ ಕ್ವೊಕ್-ಫೂನ್ ಆಗಿದ್ದಾನೆ, ಚ್ಯುಂಗ್ ಝೆ-ಕ್ಯುಂಗ್ ಚ್ಯುಕ್ ಆಗಿದ್ದಾನೆ, ಕ್ವಾಯ್ ಪಿಂಗ್-ಹಂಗ್ ಕ್ವಾಯ್ ಚಿಂಗ್-ಹಂಗ್ ಆಗಿದ್ದಾನೆ. ಹಾಂಗ್‌ಕಾಂಗ್‌ನಲ್ಲಿ ಆ ಕಾಲದಲ್ಲಿ ಪೇಪರ್ ಓದಿದ ಯಾರಿಗಾದರೂ ತಕ್ಷಣ ಗೊತ್ತಾಗುವಷ್ಟೇ ಬದಲಾವಣೆ.

ಯಿಪ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅವನ ನಿಜವಾದ ಬದುಕು ಸಿನಿಮಾಗಿಂತ ಜಾಸ್ತಿ ನಂಬಲಾಗದ ಹಾಗಿದೆ. 1961ರಲ್ಲಿ ಹಾಂಗ್‌ಕಾಂಗ್ ಪಕ್ಕದ ಚೀನಾ ಪ್ರಾಂತ್ಯ ಗುವಾಂಗ್‌ಡಾಂಗ್‌ನ ಹೈಫೆಂಗ್‌ನಲ್ಲಿ ಹುಟ್ಟಿದವನು. 1984ರಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋದ. 1989ರ ಆಗಸ್ಟ್‌ನಲ್ಲಿ ಹೊಟ್ಟೆನೋವು ಅಂತ ನಾಟಕ ಆಡಿ ಕ್ವೀನ್ ಮೇರಿ ಆಸ್ಪತ್ರೆಗೆ ಬಂದು, ಕಾವಲಿದ್ದವರ ಮೇಲೆ ಬಿದ್ದು ಅಲ್ಲಿಂದ ಪರಾರಿಯಾದ. ಆಮೇಲೆ ಬಂದದ್ದೇ ಎಕೆ ದರೋಡೆಗಳ ಕಾಲ. 1991ರ ಜೂನ್ 9ರಂದು ಕ್ವುನ್ ಟಾಂಗ್‌ನ ಮಟ್ ವಾ ಬೀದಿಯಲ್ಲಿ ಒಂದೇ ಸಲಕ್ಕೆ ಐದು ಚಿನ್ನದಂಗಡಿ ದೋಚಿದರು, 54 ಗುಂಡು ಹಾರಿತು. ಹಾಡುಹಗಲು, ಜನ ತುಂಬಿದ ಬೀದಿ. ಅವತ್ತು ಹಾಂಗ್‌ಕಾಂಗ್ ಪೇದೆಯ ಸೊಂಟದಲ್ಲಿ ಇದ್ದದ್ದು ಆರು ಗುಂಡಿನ .38 ರಿವಾಲ್ವರ್. ಎದುರಿಗೆ ನಿಂತವರ ಕೈಯಲ್ಲಿ ಚೀನಾದಿಂದ ಬಂದ ಎಕೆ. ಆ ಊರಿನ ಜನಕ್ಕೆ ಈ ದರೋಡೆಗಳು ಅಷ್ಟು ಆಳವಾಗಿ ನೆನಪಿರಲು ಇದೇ ಕಾರಣ. ಪೊಲೀಸರೇ ಹಿಂದೆ ಸರಿಯಬೇಕಾಗಿ ಬಂದದ್ದನ್ನು ಅವರು ಕಣ್ಣಾರೆ ಕಂಡರು.

ಚ್ಯುಂಗ್ ಝೆ-ಕ್ಯುಂಗ್ ಬೇರೆ ಥರದವನು. 1991ರ ಜುಲೈನಲ್ಲಿ ಕೈ ಟಾಕ್ ವಿಮಾನ ನಿಲ್ದಾಣದಲ್ಲಿ ಹಣದ ಟ್ರಕ್ ದೋಚಿದ ಪ್ರಕರಣ ಅವನದು, 16.7 ಕೋಟಿ ಹಾಂಗ್‌ಕಾಂಗ್ ಡಾಲರ್. ಅದಕ್ಕೆ 18 ವರ್ಷ ಶಿಕ್ಷೆಯಾಯಿತು, ಆದರೆ 1995ರಲ್ಲಿ ಮೇಲ್ಮನವಿಯಲ್ಲಿ ಹೊರಗೆ ಬಂದ. ಬಂದ ಮರುವರ್ಷವೇ, ಅಂದರೆ 1996ರಲ್ಲಿ, ಹಾಂಗ್‌ಕಾಂಗ್‌ನ ಭಾರಿ ಶ್ರೀಮಂತ ಉದ್ಯಮಿ ಲೀ ಕಾ-ಶಿಂಗ್ ಅವರ ದೊಡ್ಡ ಮಗನನ್ನು ಅಪಹರಿಸಿ 103.8 ಕೋಟಿ ಹಾಂಗ್‌ಕಾಂಗ್ ಡಾಲರ್ ಒತ್ತೆಹಣ ತೆಗೆದುಕೊಂಡ. ಹಣ ಕೇಳಲು ಬೇರೆ ಯಾರನ್ನೂ ಕಳಿಸಲಿಲ್ಲ, ತಾನೇ ಲೀ ಅವರ ಮನೆಗೆ ಹೋಗಿ ಎದುರಿಗೆ ಕೂತು ಮಾತಾಡಿದ. ಇದನ್ನು ಲೀ ಅವರೇ 2013ರಲ್ಲಿ ಚೀನಾದ ಪತ್ರಿಕೆಯೊಂದಕ್ಕೆ ವಿವರವಾಗಿ ಹೇಳಿದ್ದಾರೆ. 1997ರಲ್ಲಿ ಇನ್ನೊಬ್ಬ ದೊಡ್ಡ ಬಿಲ್ಡರ್ ಮನೆತನದ ಹಿರಿಯ ಮಗನನ್ನು ಹಿಡಿದು 60 ಕೋಟಿ ವಸೂಲಿ ಮಾಡಿದ. ಜೋರ್ಡನ್ ಚಾನ್ ಆ ಪಾತ್ರವನ್ನು ಅಷ್ಟು ಅಬ್ಬರದಿಂದ ಮಾಡಿದ್ದು ಸುಮ್ನೆ ಅಲ್ಲ. ಮನುಷ್ಯ ಹಾಗೇ ಇದ್ದ, ನೀರಿನ ಹಾಗೆ ದುಡ್ಡು ಚೆಲ್ಲುತ್ತಿದ್ದ.

ಕ್ವಾಯ್ ಬಗ್ಗೆ ಹೊರಗೆ ಗೊತ್ತಿರುವುದೇ ಕಡಿಮೆ, ಅವನ ವೇಷ ಬದಲಾವಣೆ ಅಂಥದ್ದು. ಪೊಲೀಸರ ಪಟ್ಟಿಯಲ್ಲಿ ಅವನ ಹೆಸರು ಮೇಲೆಯೇ ಇತ್ತು, ಸಿಕ್ಕಿದ್ದು ಮಾತ್ರ 2003ರ ಡಿಸೆಂಬರ್‌ನಲ್ಲಿ. 24 ವರ್ಷ ಜೈಲಾಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮೂವರೂ ಸೇರಿ ಒಂದು ಕೆಲಸಕ್ಕೆ ಕೈಹಾಕುವ ಕತೆ ಸಿನಿಮಾದವರು ಕಟ್ಟಿದ್ದು. ದಿನಾಂಕ ನೋಡಿದರೆ ಗೊತ್ತಾಗುತ್ತದೆ: ಯಿಪ್ 1996ರ ಮೇ 13ರಂದೇ ಕೆನಡಿ ಟೌನ್‌ನಲ್ಲಿ ಸಿಕ್ಕಿಬಿದ್ದಿದ್ದ. ಇಬ್ಬರು ಪೇದೆಗಳು ಅನುಮಾನ ಬಂದು ತಡೆದರು, ಗುಂಡಿನ ಚಕಮಕಿ ನಡೆಯಿತು, ಬೆನ್ನುಮೂಳೆಗೆ ಗುಂಡು ಬಿದ್ದು ಅವನ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅಂದರೆ ಸಿನಿಮಾ ನಡೆಯುವ 1997ರಲ್ಲಿ ನಿಜವಾದ ಯಿಪ್ ಕೈದಿಯಾಗಿ ಗಾಲಿಕುರ್ಚಿಯಲ್ಲಿದ್ದ.

ನನ್ನ ಪ್ರಕಾರ ಸಿನಿಮಾದ ಜೀವವೇ ಈ ಕಟ್ಟುಕತೆಯಲ್ಲಿದೆ. ದರೋಡೆಗಳನ್ನು ಇದ್ದ ಹಾಗೆ ತೋರಿಸಿದ ಸಿನಿಮಾಗಳು ಅಲ್ಲಿ ಬೇಕಾದಷ್ಟಿವೆ. ಇವರು ಕೇಳಿಕೊಂಡ ಪ್ರಶ್ನೆ ಬೇರೆ. ಇಷ್ಟು ಹೆಸರು ಮಾಡಿದವನು ಅದಾದ ಮೇಲೆ ಹೇಗೆ ಬದುಕುತ್ತಾನೆ? ಯಿಪ್ ಚೀನಾದಲ್ಲಿ ಸಣ್ಣಸಣ್ಣ ಅಧಿಕಾರಿಗಳ ಮುಂದೆ ನಗುತ್ತಾ, ಬಗ್ಗುತ್ತಾ, ಲಂಚ ಕೊಡುತ್ತಾ ನಿಂತಿರುವ ದೃಶ್ಯಗಳನ್ನು ಇನ್ನೊಮ್ಮೆ ನೋಡಿ. ಒಂದು ಕಾಲದಲ್ಲಿ ಇಡೀ ಬೀದಿಯನ್ನು ನಡುಗಿಸಿದ ಮನುಷ್ಯ ಅವನು. ರಿಚಿ ಜೆನ್ ಮುಖದಲ್ಲಿ ಆ ಅವಮಾನ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಾ ಹೋಗುವುದೇ ಆ ಭಾಗದ ಆಕ್ಷನ್. ಅವನು ಯಾವಾಗ ಬಂದೂಕು ಎತ್ತುತ್ತಾನೆ ಅಂತ ನಾವು ಕಾಯಲು ಶುರು ಮಾಡುತ್ತೇವೆ. ನಮ್ಮನ್ನು ಅಂಥ ಜಾಗಕ್ಕೆ ತಂದು ನಿಲ್ಲಿಸುತ್ತದೆ ಈ ಸಿನಿಮಾ, ನನಗೆ ಅದು ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ.

---

ಸಾಗರದಾಚೆ

ನಾನು ಹಾಂಗ್‌ಕಾಂಗ್‌ನಲ್ಲೇ ಇರುವ ಕನ್ನಡಿಗ, ಕೆಲಸದ ಮೇಲೆ ಬಂದು ಇಲ್ಲೇ ಉಳಿದೆ. ನಾಗಶ್ರೀ ಅವರು ಹೇಳಿದ್ದಕ್ಕೆ ಊರಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನೇಥನ್ ರಸ್ತೆಯಲ್ಲಿ ನಡೆದರೆ ಚಿನ್ನದಂಗಡಿಗಳು ಸಾಲುಸಾಲಾಗಿ ಸಿಗುತ್ತವೆ, ಎಲ್ಲಾ ಫುಟ್‌ಪಾತಿಗೇ ಬಾಗಿಲು. ಪಕ್ಕದಲ್ಲಿ ಬಸ್ ಸ್ಟಾಪ್, ಎದುರಿಗೆ ಮಿನಿಬಸ್, ಮೇಲೆ ಮನೆಗಳು. ಅಂಥ ಕಡೆ ಎಕೆ ಹಾರಿಸಿದರೆ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ. ಇಲ್ಲಿನ ನನ್ನ ವಯಸ್ಸಾದ ಸಹೋದ್ಯೋಗಿಗಳಿಗೆ ಆ ದಿನಗಳ ಟಿವಿ ಸುದ್ದಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬ್ಯಾಂಕಿಗೆ ಹಣ ತರುವ ಗಾಡಿ ನಿಂತರೆ ಪಕ್ಕದಲ್ಲಿ ಉದ್ದದ ಶಾಟ್‌ಗನ್ ಹಿಡಿದ ಕಾವಲುಗಾರ ಇಂದಿಗೂ ಇಳಿಯುತ್ತಾನೆ. ಹೊಸದಾಗಿ ಬಂದವರು ಅದನ್ನು ನೋಡಿ ಬೆಚ್ಚುತ್ತಾರೆ, ಇಷ್ಟು ಶಾಂತವಾದ ಊರಿನಲ್ಲಿ ಇದೇನು ಅಂತ. 'ಆ ಕಾಲ ನೀವು ನೋಡಿಲ್ಲ' ಅನ್ನುವುದು ಇಲ್ಲಿಯವರ ಉತ್ತರ.

ಈ ದರೋಡೆಗಳು ಎಲ್ಲಿಂದ ಬಂದವು ಅನ್ನುವುದನ್ನು ತಿಳಿದುಕೊಂಡರೆ ಸಿನಿಮಾ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 70ರ, 80ರ ದಶಕದಲ್ಲಿ ಗುವಾಂಗ್‌ಡಾಂಗ್‌ನಿಂದ ಬಂದ ಗುಂಪುಗಳನ್ನು ಇಲ್ಲಿ 'ಡಾಯ್ ಹ್ಯೂನ್' ಅಂತ ಕರೆಯುತ್ತಿದ್ದರು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ರೆಡ್ ಗಾರ್ಡ್ ಅನ್ನುವ ಯುವಪಡೆಯಲ್ಲಿ ಇದ್ದವರು, ಸೈನ್ಯದಲ್ಲಿ ಬಂದೂಕು ಕಲಿತವರು ಅವರಲ್ಲಿ ಇದ್ದರು. ಗಡಿಯ ಆಚೆ ಬಡತನ, ಈಚೆ ಚಿನ್ನದಂಗಡಿ. ರಾತ್ರಿ ದೋಣಿಯಲ್ಲಿ ಬಂದು, ದೋಚಿ, ವಾಪಸ್ ಹೋಗಿಬಿಟ್ಟರೆ ಹಾಂಗ್‌ಕಾಂಗ್ ಪೊಲೀಸರ ಕೈಗೆ ಸಿಗುವುದಿಲ್ಲ. ಬಂದೂಕೂ ಅದೇ ದಾರಿಯಲ್ಲಿ ಬರುತ್ತಿತ್ತು. ಟಿವಿ, ವಿಸಿಆರ್, ಕಾರು ಎಲ್ಲಾ ಇಲ್ಲಿಂದ ಅಲ್ಲಿಗೆ ಭಾರಿ ಎಂಜಿನಿನ ಸ್ಪೀಡ್‌ಬೋಟುಗಳಲ್ಲಿ ಹೋಗುತ್ತಿದ್ದವು. ಹಾಗಾಗಿ ಸಿನಿಮಾದ ಯಿಪ್ ದರೋಡೆ ಬಿಟ್ಟು ಕಳ್ಳಸಾಗಣೆಗೆ ಇಳಿದದ್ದು ಆ ಕಾಲಕ್ಕೆ ಸರಿಯಾಗಿ ಕೂರುತ್ತದೆ.

ಇದು ನಿಂತದ್ದು ಹೇಗೆ ಅಂತಲೂ ಹೇಳಬೇಕು. ಹಾಂಗ್‌ಕಾಂಗ್ ಮತ್ತು ಗುವಾಂಗ್‌ಡಾಂಗ್ ಪೊಲೀಸರು ಮಾಹಿತಿ ಹಂಚಿಕೊಳ್ಳುವುದು ಹೆಚ್ಚಾಯಿತು. 1996ರಲ್ಲಿ ಚೀನಾ ಬಂದೂಕಿನ ಮೇಲೆ ಬಿಗಿ ಕಾನೂನು ತಂದಿತು. ಎಲ್ಲಕ್ಕಿಂತ ಮುಖ್ಯವಾಗಿ ಆಚೆ ಕಡೆಯೇ ದುಡ್ಡು ಹುಟ್ಟಲು ಶುರುವಾಯಿತು, ಪ್ರಾಣ ಪಣಕ್ಕಿಟ್ಟು ಈಚೆ ಬರುವ ಅಗತ್ಯ ಕಡಿಮೆಯಾಯಿತು. ಸಿನಿಮಾದ ಮೂವರೂ ಸಿಕ್ಕಿಕೊಂಡಿರುವುದು ಈ ಬದಲಾವಣೆಯಲ್ಲೇ. ಅವರ ಕಸುಬಿಗೆ ಇದ್ದ ಜಾಗವೇ ಮುಚ್ಚಿಹೋಗುತ್ತಿದೆ, ಅದು ಮೂವರಿಗೂ ಒಳಗೊಳಗೆ ಗೊತ್ತು. 1997ನ್ನೇ ಆರಿಸಿಕೊಂಡದ್ದು ಅದಕ್ಕೇ ಅಂತ ನಾನು ನಂಬುತ್ತೇನೆ.

---

ಪ್ರಾಣೇಶ_ವಕೀಲ

ಎಲ್ಲರ ಮಾತೂ ಓದಿದೆ. ಸಿನಿಮಾ ನಾನೂ ನೋಡಿದ್ದೇನೆ, ಚೆನ್ನಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೊಂದು ತಕರಾರಿದೆ, ಅದನ್ನು ನೇರವಾಗಿ ಹೇಳುತ್ತೇನೆ.

ಕಳ್ಳನ ಬೇಸರ, ಕಳ್ಳನ ಅವಮಾನ, ಕಳ್ಳನ ಒಂಟಿತನ, ಎಲ್ಲಾ ತೋರಿಸಿದರು. ಅವನ ಗುಂಡಿಗೆ ಸಿಕ್ಕವರು ಎಲ್ಲಿ? 1993ರ ಜನವರಿಯಲ್ಲಿ ಮಾಂಗ್ ಕಾಕ್‌ನಲ್ಲಿ ನಡೆದ ಇಂಥದ್ದೇ ಒಂದು ಚಿನ್ನದಂಗಡಿ ದರೋಡೆಯಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಮಹಿಳೆಯೊಬ್ಬರು ಗುಂಡು ತಗುಲಿ ಸತ್ತರು. ಅವರಿಗೂ ಈ ಮೂವರಿಗೂ ಏನು ಸಂಬಂಧ? ಅವರ ಮನೆಯವರು ಈ ಸಿನಿಮಾ ನೋಡಲು ಕೂತರೆ ಏನನ್ನಿಸಬಹುದು? ಅಂಗಡಿಯಲ್ಲಿ ನೆಲದ ಮೇಲೆ ಮಲಗಿ ನಡುಗಿದ ಕೆಲಸದವರು ಎಷ್ಟೋ ಜನ, ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಕಳ್ಳರ ಹೆಸರು ಮಾತ್ರ ಈ ಪುಟದಲ್ಲೇ ಹತ್ತಾರು ಸಲ ಬಂದಿದೆ.

ನಿಜ ಘಟನೆ ಆಧರಿಸಿದ್ದು ಅಂತ ಹೇಳಿಕೊಂಡು ಮಾಡುವ ಸಿನಿಮಾಗೆ ಒಂದು ಹೊಣೆ ಇರುತ್ತದೆ. ಕಲ್ಪನೆಯ ಕಳ್ಳನ ಮೇಲೆ ಎಷ್ಟು ಕರುಣೆ ಬೇಕಾದರೂ ತೋರಿಸಲಿ, ನಾನು ಕೇಳುವುದಿಲ್ಲ. ಇವರು ಕಲ್ಪನೆಯವರಲ್ಲ.

---

ನಾಗಶ್ರೀ_ಬಿ

ಪ್ರಾಣೇಶ್ ಸರ್, ನಿಮ್ಮ ತಕರಾರು ನನಗೆ ಅರ್ಥವಾಗುತ್ತದೆ, ಆ ಮಹಿಳೆಯ ವಿಷಯ ತಂದದ್ದಕ್ಕೆ ಧನ್ಯವಾದ. ಆದರೆ ಈ ಸಿನಿಮಾ ಆ ಲೆಕ್ಕವನ್ನು ಪೂರ್ತಿ ಮರೆತಿದೆ ಅಂತ ನನಗೆ ಅನ್ನಿಸುವುದಿಲ್ಲ. ಕ್ವಾಯ್‌ನ ಭಾಗವನ್ನೇ ತೆಗೆದುಕೊಳ್ಳಿ. ಅವನು ಬಂದು ಉಳಿಯುವುದು ಹಳೆಯ ಗೆಳೆಯನ ಮನೆಯಲ್ಲಿ. ಫಿಲಿಪ್ ಕ್ಯೂಂಗ್ ಆ ಗೆಳೆಯನ ಪಾತ್ರ ಮಾಡಿದ್ದಾರೆ. ಅವನು ಹಳೆಯದನ್ನೆಲ್ಲ ಬಿಟ್ಟು ಹೆಂಡತಿ, ಪುಟ್ಟ ಮಗಳು ಅಂತ ಬದುಕುತ್ತಿದ್ದಾನೆ. ದೋಚಬೇಕಾದ ಅಂಗಡಿ ಆ ಮನೆಯ ಎದುರಿಗೇ ಇದೆ, ಕ್ವಾಯ್ ಅಲ್ಲಿಗೆ ಬಂದದ್ದು ಅದಕ್ಕೆ. ಒಂದು ಕಡೆ ಆ ಮಗುವಿನ ಜೊತೆ ಆಡುತ್ತಾನೆ, ಇನ್ನೊಂದು ಕಡೆ ಕಿಟಕಿಯಿಂದ ಅಂಗಡಿ ನೋಡುತ್ತಾನೆ. ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು, ಯಾಕೆಂದರೆ ಈ ಮನುಷ್ಯ ಬೇಕಾದರೆ ಏನು ಮಾಡಬಲ್ಲ ಅಂತ ಸಿನಿಮಾ ಮೊದಲೇ ತೋರಿಸಿಬಿಟ್ಟಿದೆ. ಕ್ವಾಯ್ ಪಾತ್ರ ಮಾಡಿದ ಗಾರ್ಡನ್ ಲ್ಯಾಮ್ ಒಂದು ಸಲವೂ ಧ್ವನಿ ಎತ್ತುವುದಿಲ್ಲ. ಅವರು ಸುಮ್ಮನೆ ಕೂತರೂ ಭಯ.

ಈ ಭಾಗದಲ್ಲಿ ಕಳ್ಳನ ಮೇಲೆ ಕರುಣೆ ಹುಟ್ಟಿಸುವ ಪ್ರಯತ್ನ ನನಗೆ ಕಾಣಲಿಲ್ಲ. ಅಪಾಯಕ್ಕೆ ಸಿಕ್ಕ ಸಂಸಾರ ನಮ್ಮ ಕಣ್ಣೆದುರಿಗೇ ಇದೆ, ಅವರ ಮನೆಯ ತಟ್ಟೆ, ಲೋಟ, ಮಗುವಿನ ಆಟಿಕೆ ಸಮೇತ. ಆ ಪಾತ್ರಕ್ಕೇ ಲ್ಯಾಮ್ 2017ರಲ್ಲಿ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತೆಗೆದುಕೊಂಡರು. ಸಿನಿಮಾಗೆ ಒಟ್ಟು ಐದು ಬಂದವು: ಸಿನಿಮಾ, ನಿರ್ದೇಶನ, ಚಿತ್ರಕಥೆ, ನಟ, ಸಂಕಲನ.

ಸಂಕಲನದ ಪ್ರಶಸ್ತಿ ಯಾಕೆ ಮುಖ್ಯ ಅಂದರೆ, ಇದನ್ನು ಮಾಡಿದವರು ಮೂವರು ಹೊಸ ನಿರ್ದೇಶಕರು. ಫ್ರ್ಯಾಂಕ್ ಹುಯ್, ಜೆವನ್ಸ್ ಆವ್, ವಿಕಿ ವಾಂಗ್. ಜಾನಿ ಟೋ ಶುರು ಮಾಡಿದ 'ಫ್ರೆಶ್ ವೇವ್' ಕಿರುಚಿತ್ರ ಸ್ಪರ್ಧೆಯಿಂದ ಬಂದವರು. ಒಬ್ಬೊಬ್ಬರು ಒಬ್ಬ ಕಳ್ಳನ ಕತೆ ಚಿತ್ರೀಕರಿಸಿ, ಆಮೇಲೆ ಮೂರನ್ನೂ ಹೆಣೆದು ಒಂದು ಸಿನಿಮಾ ಮಾಡಿದರು. ಮೂರು ಎಳೆಯ ಜಡೆಯಲ್ಲಿ ಯಾವ ಎಳೆ ಎಲ್ಲಿ ಒಳಗೆ ಹೋಯಿತು ಅಂತ ತಿಳಿಯದ ಹಾಗೆ ಹೆಣೆದಿದ್ದಾರೆ. ಹೇಳದಿದ್ದರೆ ಮೂರು ಕೈಯ ಕೆಲಸ ಅಂತ ನನಗಂತೂ ಗೊತ್ತಾಗುತ್ತಿರಲಿಲ್ಲ.

ಒಂದು ವಿಷಯ ಸೇರಿಸಲೇಬೇಕು. ಆ ಪ್ರಶಸ್ತಿ ಸಮಾರಂಭ ನಡೆದದ್ದು 2017ರ ಏಪ್ರಿಲ್ 9ರಂದು. ಹತ್ತು ದಿನಕ್ಕೆ, ಏಪ್ರಿಲ್ 19ರಂದು, ನಿಜವಾದ ಯಿಪ್ ಕಾಯ್-ಫೂನ್ ಕ್ಯಾನ್ಸರ್‌ನಿಂದ ಸತ್ತ. ಅದೂ ಕ್ವೀನ್ ಮೇರಿ ಆಸ್ಪತ್ರೆಯಲ್ಲಿ, 1989ರಲ್ಲಿ ತಪ್ಪಿಸಿಕೊಂಡು ಓಡಿದ್ದ ಅದೇ ಆಸ್ಪತ್ರೆ. ಆಗಲೂ ಅವನು ಕೈದಿಯೇ.

---

ಕಿರಣ್_ಶಿವಮೊಗ್ಗ

ಇಷ್ಟೆಲ್ಲಾ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಾಣೇಶ್ ಸರ್, ನಿಮ್ಮ ಮಾತು ಮನಸ್ಸಿಗೆ ನಾಟಿತು. ಯಿಪ್ ಬಂದೂಕು ಎತ್ತಲಿ ಅಂತ ನಾನೂ ಕಾಯುತ್ತಿದ್ದೆ, ನಾಗಶ್ರೀ ಅವರು ಹೇಳಿದ ಹಾಗೇ. ಹಾಗೆ ಕಾಯುವಾಗ ಎದುರಿಗೆ ನಿಂತ ಪೇದೆಗೂ ಮನೆ ಇರುತ್ತದೆ ಅನ್ನುವುದು ನೆನಪಾಗುವುದಿಲ್ಲ, ಅಲ್ವಾ.

ನೀವು ವಕೀಲರು ಅಂತ ಹೆಸರಲ್ಲೇ ಇದೆ, ಅದಕ್ಕೆ ಇದನ್ನು ನಿಮಗೇ ಕೇಳುತ್ತೇನೆ. ಚ್ಯುಂಗ್ ಅಪಹರಣ ಮಾಡಿದ್ದು ಹಾಂಗ್‌ಕಾಂಗ್‌ನಲ್ಲಿ, ಅವನೂ ಹಾಂಗ್‌ಕಾಂಗ್‌ನವನೇ, ದುಡ್ಡು ಕೊಟ್ಟವರೂ ಅಲ್ಲಿಯವರೇ. ವಿಚಾರಣೆ ಮಾತ್ರ ಗಡಿಯಾಚೆ ಚೀನಾದ ಗುವಾಂಗ್‌ಝೌನಲ್ಲಿ ಆಯಿತು ಅಂತ ಓದಿದೆ. ಅದು ಹೇಗೆ ಸಾಧ್ಯ?

---

ಪ್ರಾಣೇಶ_ವಕೀಲ

ಒಳ್ಳೆಯ ಪ್ರಶ್ನೆ ಕಿರಣ್. ಆಗ ಹಾಂಗ್‌ಕಾಂಗ್‌ನ ವಕೀಲರೂ ಇದೇ ಪ್ರಶ್ನೆ ಕೇಳಿದ್ದರು.

1998ರ ಜನವರಿಯಲ್ಲಿ ಎರಡು ಬೆಳವಣಿಗೆ ಆದವು. ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್ ಅನ್ನುವ ಗಡಿಯ ಕಡೆಯ ಭಾಗದಲ್ಲಿ ಚ್ಯುಂಗ್ ತರಿಸಿದ್ದ ಸುಮಾರು 800 ಕೆಜಿ ಸ್ಫೋಟಕ ಸಿಕ್ಕಿತು. ಅದೇ ತಿಂಗಳು ಚ್ಯುಂಗ್ ಗುವಾಂಗ್‌ಡಾಂಗ್‌ನಲ್ಲಿ ಸಿಕ್ಕಿಬಿದ್ದ. ಹಾಂಗ್‌ಕಾಂಗ್ ಆಗಲೇ ಚೀನಾದ ಭಾಗ, ಆದರೆ ತನ್ನದೇ ಕಾನೂನು, ತನ್ನದೇ ಕೋರ್ಟು ಇರುವ ಭಾಗ. ಒಂದು ದೇಶ ಎರಡು ವ್ಯವಸ್ಥೆ ಅನ್ನುವ ಏರ್ಪಾಡಿಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಎರಡೂ ಕಡೆಯ ನಡುವೆ ಆರೋಪಿಗಳನ್ನು ಹಸ್ತಾಂತರಿಸುವ ಒಪ್ಪಂದವೇ ಇರಲಿಲ್ಲ.

ಚೀನಾದ ಸರ್ಕಾರಿ ವಕೀಲರ ವಾದ ಇಷ್ಟು: ಸಂಚು ನಡೆದದ್ದು ನಮ್ಮ ನೆಲದಲ್ಲಿ, ಸ್ಫೋಟಕ ಕೊಂಡದ್ದು ನಮ್ಮ ನೆಲದಲ್ಲಿ, ಹಾಗಾಗಿ ಅಪರಾಧ ನಮ್ಮ ವ್ಯಾಪ್ತಿಗೆ ಬರುತ್ತದೆ. ಹಾಂಗ್‌ಕಾಂಗ್ ಸರ್ಕಾರದ ಕೈ ಕಟ್ಟಿಹೋಗಿತ್ತು, ಯಾಕೆಂದರೆ ಅಪಹರಣಕ್ಕೆ ಸಿಕ್ಕ ಶ್ರೀಮಂತ ಮನೆತನಗಳು ಒತ್ತೆಹಣ ಕೊಟ್ಟು ಮುಗಿಸಿದ್ದವು, ಪೊಲೀಸರ ಹತ್ತಿರ ಹೋಗಿರಲಿಲ್ಲ. ದೂರೇ ಇಲ್ಲದ ಮೇಲೆ ಆರೋಪಿಯನ್ನು ಕಳಿಸಿ ಅಂತ ಯಾವ ಆಧಾರದ ಮೇಲೆ ಕೇಳುವುದು?

ಇದರಲ್ಲಿ ಪ್ರಾಣದ ಪ್ರಶ್ನೆ ಇತ್ತು. ಹಾಂಗ್‌ಕಾಂಗ್‌ನಲ್ಲಿ 1966ರ ನಂತರ ಯಾರನ್ನೂ ಗಲ್ಲಿಗೇರಿಸಿಲ್ಲ, 1993ರಲ್ಲಿ ಮರಣದಂಡನೆಯನ್ನು ಕಾನೂನಿನಿಂದಲೇ ತೆಗೆದುಹಾಕಿದ್ದರು. ಹಾಂಗ್‌ಕಾಂಗ್ ಕೋರ್ಟಿನಲ್ಲಿ ನಿಂತಿದ್ದರೆ ಅವನಿಗೆ ಜೈಲು. ಗುವಾಂಗ್‌ಝೌನಲ್ಲಿ ನಿಂತದ್ದರಿಂದ 1998ರ ಡಿಸೆಂಬರ್ 5ರಂದು ಗುಂಡು. ಅದೇ ಮನುಷ್ಯ, ಅದೇ ಕೃತ್ಯ, ಗಡಿಯ ಯಾವ ಕಡೆ ಸಿಕ್ಕಿದ ಅನ್ನುವುದರ ಮೇಲೆ ಸಾವು ಬದುಕು ನಿಂತಿತು. ಅವನ ಮೇಲೆ ನನಗೆ ಯಾವ ಕರುಣೆಯೂ ಇಲ್ಲ, ಮೇಲೆ ಹೇಳಿದ್ದೇನೆ. ಆದರೆ ಯಾವ ಕೋರ್ಟು ವಿಚಾರಿಸಬೇಕು ಅನ್ನುವ ಪ್ರಶ್ನೆಯನ್ನು ಅಪರಾಧಿ ಎಷ್ಟು ಕೆಟ್ಟವನು ಅಂತ ನೋಡಿ ತೀರ್ಮಾನಿಸಲು ಬರುವುದಿಲ್ಲ. ಈ ಸಲ ಕೆಟ್ಟವನಿಗೆ ಅನ್ವಯಿಸಿದ ತರ್ಕ ಮುಂದಿನ ಸಲ ಬೇರೆ ಯಾರಿಗೋ ಅನ್ವಯಿಸುತ್ತದೆ. 2019ರಲ್ಲಿ ಹಸ್ತಾಂತರ ಮಸೂದೆಯ ವಿರುದ್ಧ ಹಾಂಗ್‌ಕಾಂಗ್ ಜನ ಬೀದಿಗೆ ಇಳಿದಾಗ ನನಗೆ ಈ ಪ್ರಕರಣ ನೆನಪಾಗಿತ್ತು.

---

ಮಂಜು_ರೀಲ್

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಚೀನಾ ಒಳನಾಡಿನ ಕಡೆ ಇದೇ ಥರದ ಕತೆಯನ್ನು ಹೇಗೆ ಮಾಡುತ್ತಾರೆ ಅಂತ ಹೋಲಿಸಿ ನೋಡಬೇಕಾದರೆ 2023ರ 'ಡಸ್ಟ್ ಟು ಡಸ್ಟ್' ನೋಡಿ. ನಿರ್ದೇಶಕ ಜೊನಾಥನ್ ಲೀ. ಅದರ ಮೂಲ 1995ರ ಡಿಸೆಂಬರ್ 22ರಂದು ಗುವಾಂಗ್‌ಡಾಂಗ್‌ನ ಪಾನ್ಯುವಿನಲ್ಲಿ ನಡೆದ ದರೋಡೆ. ಬ್ಯಾಂಕಿನ ಹಣದ ವ್ಯಾನನ್ನು ಬಂದೂಕು ತೋರಿಸಿ ದೋಚಿದರು, ಸುಮಾರು 1.5 ಕೋಟಿ ಯುವಾನ್. ಆ ಕಾಲಕ್ಕೆ ಚೀನಾದಲ್ಲಿ ಅದು ಕೇಳರಿಯದ ಮೊತ್ತ. ಮುಖ್ಯ ಆರೋಪಿ ತಪ್ಪಿಸಿಕೊಂಡು ಬೇರೆ ಹೆಸರಿನಲ್ಲಿ ಮ್ಯಾನ್ಮಾರ್ ಕಡೆ ಬದುಕಿ, 21 ವರ್ಷ ಕಳೆದ ಮೇಲೆ 2016ರಲ್ಲಿ ಸಿಕ್ಕಿದ.

ಮಜಾ ಏನೆಂದರೆ 'ಟ್ರಿವಿಸಾ'ದಲ್ಲಿ ತಲೆಮರೆಸಿಕೊಂಡ ಕಳ್ಳನಾಗಿದ್ದ ಗಾರ್ಡನ್ ಲ್ಯಾಮ್ ಇಲ್ಲಿ ಕಳ್ಳನ ಬೆನ್ನು ಬಿಡದ ಪೊಲೀಸ್. ತಲೆಮರೆಸಿಕೊಂಡವನ ಪಾತ್ರ ಡಾ ಪೆಂಗ್ ಅವರದು, ಚೀನಾದಲ್ಲಿ ಕಾಮಿಡಿಯಿಂದ ಹೆಸರು ಮಾಡಿದ ನಟ, ಇಲ್ಲಿ ಕಾಮಿಡಿಯ ಸುಳಿವೂ ಇಲ್ಲದ ಹಾಗೆ ಮಾಡಿದ್ದಾರೆ. ಎರಡು ದಶಕ ಹೆದರಿಕೊಂಡೇ ಬದುಕಿದ ಮನುಷ್ಯ ಹೇಗೆ ಕೂರುತ್ತಾನೆ, ಬಾಗಿಲ ಸದ್ದಿಗೆ ಹೇಗೆ ತಲೆ ತಿರುಗಿಸುತ್ತಾನೆ ಅನ್ನುವುದನ್ನೆಲ್ಲಾ ಗಮನಿಸಿ ಮಾಡಿದ್ದಾರೆ.

ವ್ಯತ್ಯಾಸ ಎಲ್ಲಿದೆ ಅಂದರೆ, ಚೀನಾದ ಥಿಯೇಟರಿಗೆ ಬರುವ ಸಿನಿಮಾದಲ್ಲಿ ಅಪರಾಧಿ ಸಿಕ್ಕಲೇಬೇಕು, ಶಿಕ್ಷೆ ಆಗಲೇಬೇಕು, ಕೊನೆಗೆ ಪರದೆಯ ಮೇಲೆ ಯಾರಿಗೆ ಏನು ಶಿಕ್ಷೆ ಅಂತ ಅಕ್ಷರದಲ್ಲಿ ಬರುವುದು ವಾಡಿಕೆ. ಹಾಗಾಗಿ ಅಲ್ಲಿಯ ನಿರ್ದೇಶಕ 'ಸಿಗುತ್ತಾನಾ' ಅನ್ನುವ ಕುತೂಹಲ ಇಟ್ಟುಕೊಳ್ಳಲು ಆಗುವುದಿಲ್ಲ, ಬೇರೆ ಏನಾದರೂ ಹುಡುಕಬೇಕು. 'ಡಸ್ಟ್ ಟು ಡಸ್ಟ್' ಚೆನ್ನಾಗಿರುವುದು ಅದನ್ನು ಹುಡುಕಿಕೊಂಡ ಕಡೆ, ಅಂದರೆ ಅಡಗಿ ಕೂತವನ ಮೊದಲ ಬದುಕು ಮತ್ತು ಎರಡನೆಯ ಬದುಕಿನ ನಡುವೆ. ಪೊಲೀಸರ ಶ್ರಮವನ್ನು ಹೊಗಳುವ ಭಾಗ ಬಂದಾಗ ಸಪ್ಪೆಯಾಗುತ್ತದೆ. ಪ್ರಾಣೇಶ್ ಸರ್‌ಗೆ ಇದು 'ಟ್ರಿವಿಸಾ'ಗಿಂತ ಹಿಡಿಸಬಹುದು, ನಷ್ಟ ಅನುಭವಿಸಿದವರ ಕಡೆಗೂ ಇದರಲ್ಲಿ ಸ್ವಲ್ಪ ಜಾಗ ಇದೆ.

ಚ್ಯುಂಗ್ ಕತೆಯನ್ನೇ ಇಟ್ಟುಕೊಂಡು 2019ರಲ್ಲಿ 'ಚೇಸಿಂಗ್ ದ ಡ್ರ್ಯಾಗನ್ 2' ಅಂತ ಬಂತು. ಟೋನಿ ಲ್ಯುಂಗ್ ಕಾ-ಫಾಯ್ ಅಪಹರಣಕಾರ, ಲೂಯಿಸ್ ಕೂ ಅವನ ಗುಂಪಿನೊಳಗೆ ನುಗ್ಗುವ ಪೊಲೀಸ್. ಒಂದು ಸಂಜೆಗೆ ಸರಿ, ಅಷ್ಟೇ. ನಿಜವಾಗಿ ನಡೆದದ್ದರ ವಿಚಿತ್ರವೆಲ್ಲಾ ಅದರಲ್ಲಿ ಮಾಮೂಲಿ ಬೆನ್ನಟ್ಟುವ ಕತೆಯಾಗಿಬಿಟ್ಟಿದೆ.

ಹಿಂದಕ್ಕೆ ಹೋಗಬೇಕಾದರೆ ಜಾನಿ ಮಾಕ್ ಅವರ 1984ರ 'ಲಾಂಗ್ ಆರ್ಮ್ ಆಫ್ ದ ಲಾ' ಬಿಡಬೇಡಿ. ಸಾಗರದಾಚೆ ಅವರು ಹೇಳಿದ ಗಡಿಯಾಚೆಯ ಗುಂಪುಗಳ ಮೇಲೆ ಬಂದ ದೊಡ್ಡ ಸಿನಿಮಾ ಅದು. ಹೆಚ್ಚಿನವರು ಹೊಸ ಮುಖಗಳು. ಕೊನೆಯ ಕಾಳಗ ಕೌಲೂನ್ ವಾಲ್ಡ್ ಸಿಟಿಯ ಇಕ್ಕಟ್ಟು ಓಣಿಗಳಲ್ಲಿ. ಆ ಜಾಗವನ್ನು 90ರ ದಶಕದಲ್ಲಿ ಕೆಡವಿ ಪಾರ್ಕ್ ಮಾಡಿದರು. ಗಟ್ಟಿ ಆಕ್ಷನ್ ಬೇಕು ಅಂತ ಕೂತಿದ್ದಿರಲ್ಲ ಕಿರಣ್, ನಿಮಗೆ ಅದು ಅಲ್ಲಿದೆ.

---

ಕಿರಣ್_ಶಿವಮೊಗ್ಗ

ಮಂಜು, ಪಟ್ಟಿ ಬರೆದಿಟ್ಟುಕೊಂಡೆ. ಈ ವಾರ 1984ರದ್ದು ಮೊದಲು ನೋಡುತ್ತೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ. 'ಟ್ರಿವಿಸಾ' ಚೀನಾದ ಥಿಯೇಟರುಗಳಲ್ಲಿ ಬರಲೇ ಇಲ್ಲವಂತೆ, ಅಧಿಕಾರಿಗಳ ಲಂಚ ತೋರಿಸಿದ್ದಕ್ಕಾ? ಮತ್ತೆ ನೋಡುವಾಗ ಮ್ಯಾಂಡರಿನ್ ಡಬ್ಬಿಂಗ್ ಸಿಕ್ಕರೆ ಪರವಾಗಿಲ್ಲವಾ?

---

ಸಾಗರದಾಚೆ

ಕಾರಣ ಅಂತ ಯಾರೂ ಬರೆದು ಕೊಡುವುದಿಲ್ಲ ಕಿರಣ್. ಆ ಲಂಚದ ದೃಶ್ಯಗಳು ಇದ್ದ ಮೇಲೆ ಅಲ್ಲಿ ಬರುತ್ತದೆ ಅಂತ ಇಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಜೊತೆಗೆ ನಿರ್ದೇಶಕರಲ್ಲಿ ಒಬ್ಬರಾದ ಜೆವನ್ಸ್ ಆವ್ 2015ರ 'ಟೆನ್ ಇಯರ್ಸ್' ಅನ್ನುವ ಸಿನಿಮಾದ ಒಂದು ಭಾಗ ಮಾಡಿದವರು. ಮುಂದೆ ಹಾಂಗ್‌ಕಾಂಗ್ ಹೇಗಾಗಬಹುದು ಅಂತ ಭಯಪಟ್ಟು ಮಾಡಿದ ಸಿನಿಮಾ ಅದು. 2016ರಲ್ಲಿ ಅದಕ್ಕೆ ಇಲ್ಲಿ ಶ್ರೇಷ್ಠ ಸಿನಿಮಾ ಪ್ರಶಸ್ತಿ ಬಂತು, ಚೀನಾದಲ್ಲಿ ಅದರ ಹೆಸರೆತ್ತುವ ಹಾಗಿರಲಿಲ್ಲ.

ಡಬ್ಬಿಂಗ್ ಬೇಡ. ಹಾಂಗ್‌ಕಾಂಗ್‌ನಲ್ಲಿ ನಡೆಯುವುದು ಕ್ಯಾಂಟನೀಸ್‌ನಲ್ಲಿ, ಚೀನಾದ ಅಧಿಕಾರಿಗಳ ಜೊತೆಗಿನ ಮಾತು ಮ್ಯಾಂಡರಿನ್‌ನಲ್ಲಿ ಇದೆ. ಯಿಪ್ ಅವರ ಭಾಷೆಗೆ ಬದಲಾಯಿಸಿಕೊಂಡ ಕೂಡಲೇ ಅವನ ಧ್ವನಿ ಮೆತ್ತಗಾಗುತ್ತದೆ, ಭುಜ ಇಳಿಯುತ್ತದೆ. ಎಲ್ಲಾ ಒಂದೇ ಭಾಷೆಗೆ ಡಬ್ ಆದರೆ ಅದು ಹೋಗಿಬಿಡುತ್ತದೆ. ಮೂಲ ಧ್ವನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಭಾಷೆ ತಿಳಿಯದಿದ್ದರೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. 'ಲಾಂಗ್ ಆರ್ಮ್' ನೋಡಿದ ಮೇಲೆ ಇಲ್ಲೇ ಬರೆಯಿರಿ, ಅದರ ಬಗ್ಗೆ ನನಗೆ ಹೇಳಲು ಇನ್ನೂ ಜಾಸ್ತಿ ಇದೆ.